ಪೆಟ್ಟಿಗೆಯ ಬಾಗಿಲು ಮುಚ್ಚಿರಲಿ, ವೇಗ ಹೊರಗೆ ಕಾಣಲಿ

ಹಿಟ್ಟು ರುಬ್ಬುವವರ ಕೆಲಸದಲ್ಲಿ ಅರ್ಧ ರುಬ್ಬುವುದು, ಇನ್ನರ್ಧ ತೊಳೆಯುವುದು. ಬೆಹಾಲಾ ಬಡಾವಣೆಯಲ್ಲಿ ಇಡ್ಲಿ-ದೋಸೆ ಹಿಟ್ಟಿನ ಸಣ್ಣ ಘಟಕ ನಡೆಸುವ ಸರೋಜಿನಿಯವರಿಗೆ ಇದು ಚೆನ್ನಾಗಿ ಗೊತ್ತು. ಉದ್ದಿನ ಹಿಟ್ಟು ಒಣಗಿದರೆ ಜಪ್ಪಯ್ಯ ಅಂದರೂ ಬಿಡುವುದಿಲ್ಲ. ಹಾಗಾಗಿ ಪ್ರತಿ ಬಾರಿ ರುಬ್ಬಿ ಮುಗಿದ ಮೇಲೆ ಪೈಪು ಹಿಡಿದು ಕಲ್ಲು, ನೆಲ, ಗೋಡೆಗೆಲ್ಲ ಜೋರಾಗಿ ನೀರು ಬಿಡಬೇಕು.

ಆ ಗೋಡೆಯ ಮೇಲೆಯೇ ಕರೆಂಟಿನ ಪ್ಯಾನೆಲ್ ಪೆಟ್ಟಿಗೆ ಇದೆ. ಅದರೊಳಗೆ ಡ್ರೈವ್, ಅಂದರೆ ಗ್ರೈಂಡರಿನ ಮೋಟಾರು ಎಷ್ಟು ವೇಗವಾಗಿ ತಿರುಗಬೇಕೆಂದು ನಿಯಂತ್ರಿಸುವ ಸಾಧನ. ವೇಗದ ಅಂಕಿ ಕಾಣುವುದು ಅದರ ಮೈಮೇಲೆಯೇ. ವೇಗ ಹೆಚ್ಚಾದರೆ ಹಿಟ್ಟು ಬಿಸಿಯಾಗಿ ಇಡ್ಲಿ ಕೆಡುತ್ತದೆ, ಆದ್ದರಿಂದ ಅಂಕಿ ನೋಡದೆ ವಿಧಿಯಿಲ್ಲ.

ಇದಕ್ಕೆ ಗಂಡ ಮೋಹನದಾಸರು ಒಂದು ಉಪಾಯ ಮಾಡಿದ್ದರು. ಪೆಟ್ಟಿಗೆಯ ಬಾಗಿಲನ್ನು ಹಗ್ಗದಿಂದ ಗೋಡೆಯ ಮೊಳೆಗೆ ಕಟ್ಟಿ ಸದಾ ತೆರೆದಿಡುವುದು. ಬ್ಯಾಂಕಿನಲ್ಲಿ ಮ್ಯಾನೇಜರಾಗಿ, ಗಾಜಿನ ಕೋಣೆಯಿಂದಲೇ ಎಲ್ಲರ ಮೇಲೆ ಕಣ್ಣಿಟ್ಟು ನಿವೃತ್ತರಾದವರು ಅವರು. ಇಲ್ಲಿಯೂ ಕುರ್ಚಿಯಿಂದ ಏಳದೆ ಎಲ್ಲ ಕಾಣಬೇಕು. ತೊಳೆಯುವಾಗ ಸೀರೆ ಅಂಗಡಿಯ ದೊಡ್ಡ ಪ್ಲಾಸ್ಟಿಕ್ ಚೀಲವನ್ನು ಡ್ರೈವಿನ ಮೇಲೆ ಇಳಿಬಿಟ್ಟರೆ ಅವರ ಲೆಕ್ಕದಲ್ಲಿ ಸುರಕ್ಷತೆ ಮುಗಿಯಿತು. ಯಾರಾದರೂ ಕೇಳಿದರೆ, ಇಷ್ಟು ವರ್ಷ ಏನೂ ಆಗಿಲ್ಲವಲ್ಲ ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ತೊಳೆದು ಮುಗಿಸಿ ಮತ್ತೆ ಮಿಷನ್ ಹಾಕಿದ ಸರೋಜಿನಿಯವರು ಒದ್ದೆ ಎಡಗೈಯಿಂದ ಆ ಚೀಲ ಸರಿಸಿದರು. ಕೈ ಪೆಟ್ಟಿಗೆಗೆ ತಗಲಿ ಮೊಣಕೈವರೆಗೂ ಝುಮ್ಮೆಂದಿತು. ಅವರು ನಿಜಕ್ಕೂ ಹೆದರಿದರು. ಆದರೆ ಸಿಯಾಲ್ದಾದ ಹೋಟೆಲಿಗೆ ಹಿಟ್ಟು ಹೊರಡುವ ಹೊತ್ತಾಗಿತ್ತು, ಯಾರಿಗೂ ಹೇಳದೆ ಕೈ ಒರೆಸಿಕೊಂಡು ಹಿಟ್ಟು ತುಂಬಿಸಲು ಹೋದರು. ಆಮೇಲೆ ಅಂಕಿ ನೋಡುವಾಗಲೆಲ್ಲ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಇಣುಕುವುದು ರೂಢಿಯಾಯಿತು. ಕುರ್ಚಿಯಲ್ಲಿದ್ದವರಿಗೆ ಅಂಕಿ ಕಂಡಿತು, ಆ ಕೈ ಕಾಣಲಿಲ್ಲ.

ಮುಂದಿನ ಭಾನುವಾರ ಮೋಹನದಾಸರ ತಂಗಿಯ ಮಗಳು ಕ್ಷಮಾ ನೀರುದೋಸೆ ತಿನ್ನಲು ಬಂದಳು. ಅದೇ ನಗರದ ಕಸ್ಬಾ ಬಡಾವಣೆಯಲ್ಲಿ ಬೆಳೆದ ಹುಡುಗಿ, ವಿಶ್ವವಿದ್ಯಾಲಯದಲ್ಲಿ ಮೋಟಾರುಗಳ ಬಗ್ಗೆ ಸಂಶೋಧನೆ ಮಾಡುತ್ತಾಳೆ. ಚೀಲ ಕಂಡವಳೇ ಮೇನ್ ಸ್ವಿಚ್ ಆಫ್ ಮಾಡಿಸಿದಳು. ಆಫ್ ಮಾಡಿದರೂ ಡ್ರೈವಿನೊಳಗೆ ಸ್ವಲ್ಪ ಹೊತ್ತು ಕರೆಂಟು ಉಳಿದಿರುತ್ತದೆ ಎಂದು ಹೇಳಿ ಎಲ್ಲರನ್ನೂ ಕಾಯಿಸಿದಳು. ಬಳಿಕ ಚೀಲ ಎತ್ತಿದರೆ ಅದರ ಒಳಮೈಯಲ್ಲಿ ನೀರಹನಿಗಳು ಸಾಲಾಗಿ ಕೂತಿದ್ದವು.

"ನೀರು ಮೇಲಿಂದ ಮಾತ್ರ ಬರ್ತದಾ ಮಾವ? ನೆಲಕ್ಕೆ ಬಿದ್ದು ಕೆಳಗಿಂದ ಎಗರ್ತದೆ."

"ಬಾಗಿಲು ಮುಚ್ಚಿದ್ರೆ ಸ್ಪೀಡ್ ಎಷ್ಟುಂಟು ಅಂತ ನಂಗೆ ಕನಸು ಬೀಳ್ತದಾ?" ಎಂದರು ಮೋಹನದಾಸರು.

"ಡ್ರೈವ್ ಒಳಗೇ ಇರ್ಲಿ. ನಂಬರ್ ಮಾತ್ರ ಹೊರಗೆ ತರುವಾ. ಬಾಗಿಲ ಹೊರಮೈಗೆ ಹಾಕ್ಲಿಕ್ಕೆ ವಾಟರ್‌ಪ್ರೂಫ್ ಮೀಟರ್ ಸಿಗ್ತದೆ."

ದುರ್ಗಾಪೂಜೆ ಕಳೆಯಲಿ, ಆಮೇಲೆ ನೋಡುವಾ ಎಂದು ಮಾವ ಮಾತು ತೇಲಿಸಿದರು. ಸರೋಜಿನಿಯವರು ದೋಸೆ ಸಟ್ಟುಗ ಕೆಳಗಿಟ್ಟರು.

"ಮೊನ್ನೆ ನಂಗೆ ಶಾಕ್ ಹೊಡ್ದಿದೆ. ನಿಮ್ಗೆ ಹೇಳ್ಲಿಲ್ಲ. ಹೇಳಿದ್ರೆ ಚೀಲ ಬದಲಾಯಿಸ್ತಿದ್ರಿ, ಅಷ್ಟೇ."

ಮೋಹನದಾಸರು ಹೆಂಡತಿಯ ಕೈ ನೋಡಿದರು. ಎದ್ದು ಹೋಗಿ ಮೊಳೆಯ ಹಗ್ಗ ಬಿಚ್ಚಿದರು. ಬಾಗಿಲು ಮುಚ್ಚಲು ನೋಡಿದರೆ ಮುಚ್ಚಲಿಲ್ಲ. ತೆರೆದೇ ಇದ್ದು ಇದ್ದು ಕೀಲು ತುಕ್ಕು ಹಿಡಿದಿತ್ತು. ಅವರು ಆ ದಿನ ಮಿಷನ್ ಹಾಕಲು ಬಿಡಲಿಲ್ಲ, ಸಿಯಾಲ್ದಾಕ್ಕೆ ತಾವೇ ಫೋನು ಮಾಡಿ ಹಿಟ್ಟಿಲ್ಲವೆಂದರು.

ಮರುದಿನ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಅಮೃತ್ ಬಂದ. ಸೋರಿದ ಕರೆಂಟನ್ನು ನೆಲಕ್ಕಿಳಿಸಬೇಕಾದ ಪೆಟ್ಟಿಗೆಯ ಅರ್ಥಿಂಗ್ ತಂತಿ ಸಡಿಲವಾಗಿತ್ತು, ಅದನ್ನು ಬಿಗಿದ. ನೀರು ತಾಗಿದ್ದ ಡ್ರೈವನ್ನು ಪರೀಕ್ಷಿಸಿ ಬದಲಾಯಿಸಿದ. ಕೀಲು, ಬಾಗಿಲಂಚಿನ ರಬ್ಬರ್ ಪಟ್ಟಿ ಹೊಸದಾದವು. ಮೀಟರನ್ನು ಹೊರಗೆ ಕೂರಿಸಿ, ಡ್ರೈವಿನಿಂದ ಅದಕ್ಕೆ ತಂತಿ ಎಳೆದು, ಕೊರೆದ ಜಾಗದಲ್ಲಿ ನೀರು ನುಗ್ಗದಂತೆ ಬಿಗಿ ಮಾಡಿದ. ಅಂಕಿ ಎಷ್ಟು ದೊಡ್ಡದೆಂದರೆ ಮೋಹನದಾಸರು ಕುರ್ಚಿಯನ್ನು ಇನ್ನೂ ಹಿಂದಕ್ಕೆ, ಫ್ಯಾನಿನ ಕೆಳಗೇ ಎಳೆದುಕೊಂಡರು. ಸರೋಜಿನಿಯವರ ಎಡಗೈ ಮಾತ್ರ ಬಹಳ ದಿನ ತಾನಾಗಿಯೇ ಬೆನ್ನ ಹಿಂದೆ ಹೋಗುತ್ತಿತ್ತು.

ಹಿಟ್ಟು, ಹಾಲು, ಮೀನು, ಮಿಠಾಯಿ, ಏನೇ ಮಾಡುವವರಿರಲಿ, ನೀರು ಹೊಡೆದು ತೊಳೆಯುವ ಜಾಗದಲ್ಲಿ ಪ್ಯಾನೆಲ್ ಬಾಗಿಲು ತೆರೆದಿಡಬೇಡಿ. ಚೀಲ ನಂಬಬೇಡಿ. ಜೋರು ನೀರನ್ನು ತಡೆಯುವ ಮೀಟರನ್ನು, ಬಲ್ಲವರ ಕೈಯಲ್ಲೇ, ಹೊರಗೆ ಹಾಕಿಸಿ. ಅದಕ್ಕೂ ಮೊದಲು ಇವತ್ತೇ ಒಂದು ಕೆಲಸ ಮಾಡಿ. ನಿಮ್ಮಲ್ಲಿ ಪೈಪು ಹಿಡಿಯುವವರನ್ನು ಕರೆದು, ಯಾವತ್ತಾದರೂ ಕೈ ಝುಮ್ಮೆಂದಿದೆಯೇ ಎಂದು ಕೇಳಿ. ಅವರು ಬಾಯಿ ಬಿಡುವವರೆಗೆ ಕಾಯಿರಿ.