ಏಳನೇ ಮಹಡಿಯ ಹೂಂ

ಯಾರಾದರೂ ಏನಾದರೂ ಹೇಳಿ “ಹೌದಲ್ವಾ?” ಎಂದರೆ ನನ್ನ ಬಾಯಿಗೆ ಮೊದಲು ಬರುವುದು “ಎಲ್ಲಿ ಹೌದು?” ಎಂಬ ಮಾತು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ನಾನು ಕೆಲಸ ಮಾಡುವ ಆಸ್ಪತ್ರೆಯ ಲಾಂಡ್ರಿಯಲ್ಲಿ ನನಗೆ ಪಟಾಕಿ ಎಂದು ಹೆಸರಿಟ್ಟಿದ್ದಾರೆ. ಎದುರಿಗೆ ಮಾತ್ರ ಅಕ್ಕ ಎನ್ನುತ್ತಾರೆ.

ಹದಿನೆಂಟು ವರ್ಷದಿಂದ ಅಲ್ಲಿ ಬೆಡ್‌ಶೀಟ್‌ಗಳಿಗೆ ಇಸ್ತ್ರಿ ಹಾಕಿ ಮಡಚುತ್ತಿದ್ದೇನೆ. ಬೆಳಗಿನಿಂದ ಸಂಜೆವರೆಗೆ ನಿಂತೇ ಕೆಲಸ. ಮೊಣಕಾಲು ಎರಡೂ ಸವೆದುಹೋಗಿವೆ. “ನಿಲ್ಲೋ ಕೆಲಸ ಬಿಡಿ, ಇಲ್ಲಾಂದ್ರೆ ನಡೆಯೋದನ್ನೇ ಬಿಡಬೇಕಾಗುತ್ತೆ” ಎಂದು ಮೂಳೆ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಅಷ್ಟರಲ್ಲಿ ಲಿನನ್ ರೂಮಿನ ಇನ್‌ಚಾರ್ಜ್ ಕೆಲಸ ಬಿಟ್ಟು ಹೊರಟ. ಮಡಚಿದ ಬಟ್ಟೆಯನ್ನು ಜೋಡಿಸಿಟ್ಟು ವಾರ್ಡುಗಳಿಗೆ ಹಂಚುವ ಕೆಲಸ ಅದು. ಅಲ್ಲಿ ಒಂದು ಕುರ್ಚಿ ಇದೆ. ನನಗೆ ಆ ಕುರ್ಚಿ ಬೇಕಿತ್ತು. ಸಿಗದಿದ್ದರೆ ಕೆಲಸ ಬಿಟ್ಟು ಮನೆ ಸೇರುವುದೊಂದೇ ದಾರಿ.

ಮೂರು ವರ್ಷದ ಹಿಂದೆಯೂ ಆ ಕುರ್ಚಿ ಖಾಲಿಯಾಗಿತ್ತು. ಇಂಟರ್‌ವ್ಯೂನಲ್ಲಿ ಆಗಿನ ಸಾಹೇಬರು ಇಂಗ್ಲಿಷಿನಲ್ಲಿ ಮಾತಾಡಿದರು. ಆಸ್ಪತ್ರೆಯಲ್ಲಿ ಕೇಳಿ ಕೇಳಿ ಅರ್ಥವೇನೋ ಆಗುತ್ತದೆ, ಆದರೆ ನಾಲಿಗೆ ತಿರುಗುವುದಿಲ್ಲ. ಸಲೀಸಾಗಿ ಬರುತ್ತಿದ್ದದ್ದು ‘ನೋ’ ಒಂದೇ. ಅದನ್ನೇ ಧಾರಾಳವಾಗಿ ಬಳಸಿದೆ. ಕುರ್ಚಿ ದಿಂಬಿನ ಚೀಲಕ್ಕೂ ಗೋಣಿಚೀಲಕ್ಕೂ ವ್ಯತ್ಯಾಸ ಗೊತ್ತಿಲ್ಲದವನ ಪಾಲಾಯಿತು.

ಈಗ ಆ ಸಾಹೇಬರ ಜಾಗಕ್ಕೆ ಬಂದಿರುವುದು ಹೊಸ ಮೇಡಂ. ಅವರಿಗೆ ನಮ್ಮ ಭಾಷೆ ಬಾರದು. ಶುಕ್ರವಾರ ಹನ್ನೊಂದಕ್ಕೆ ಬಾ ಎಂದು ಕರೆ ಬಂತು. ಆಫೀಸಿನ ಗುಮಾಸ್ತ ನನ್ನನ್ನು ಪಕ್ಕಕ್ಕೆ ಕರೆದು ಗುಟ್ಟು ಹೇಳಿದ.

“ಅಕ್ಕಾ, ಆ ಮೇಡಂ ಪ್ರಶ್ನೆ ಜಾಸ್ತಿ ಕೇಳಲ್ಲ. ಅವರ ಪಾಡಿಗೆ ಮಾತಾಡ್ತಾ ಹೋಗ್ತಾರೆ. ನಡುನಡುವೆ ನೀವು ಹೂಂಗುಟ್ಟಬೇಕು, ಇಂಗ್ಲಿಷಲ್ಲಿ. ಬರೀ ಯೆಸ್ ಯೆಸ್ ಅಂದ್ರೆ ನಡೆಯಲ್ಲ ಮತ್ತೆ. ಮೊನ್ನೆ ಬಾಯ್ಲರ್‌ನವನು ಹನ್ನೆರಡು ಸಲ ಯೆಸ್ ಅಂದ. ‘ನಾನೀಗ ಏನು ಹೇಳಿದೆ?’ ಅಂತ ಕೇಳಿದ್ರು. ಅದಕ್ಕೂ ಯೆಸ್ ಅಂದ.”

ಒಪ್ಪುವುದು ನನಗೆ ನಮ್ಮ ಭಾಷೆಯಲ್ಲೇ ಬಾರದು. ಇಂಗ್ಲಿಷಿನಲ್ಲಿ ಒಪ್ಪಬೇಕಂತೆ, ಅದೂ ನಾನಾ ಬಗೆಯಲ್ಲಿ! ಸಂಜೆ ಮನೆಗೆ ಬಂದು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದಾಗ ನನ್ನ ಯಜಮಾನರು ಮೆಲ್ಲಗೆ ಕೇಳಿದರು.

“ನಾನು ಹೇಳ್ಕೊಡ್ಲಾ?”

“ನೀವಾ?”

“ಹೂಂ.”

ಅವರು ಏಳು ಮಹಡಿಯ ಆಫೀಸು ಕಟ್ಟಡವೊಂದರಲ್ಲಿ ಲಿಫ್ಟ್ ನಡೆಸುತ್ತಾರೆ. ಜಾಲರಿ ಬಾಗಿಲಿನ ಹಳೇ ಲಿಫ್ಟು. ಇಪ್ಪತ್ತಾರು ವರ್ಷದಿಂದ ಅದರ ಮೂಲೆಯ ಸ್ಟೂಲಿನ ಮೇಲೆ ಕೂತು ಹಿಡಿಕೆ ತಿರುಗಿಸುತ್ತಿದ್ದಾರೆ. ಮಾತು ಕಮ್ಮಿ. ಎಲ್ಲದಕ್ಕೂ ಒಂದೇ ಹೂಂ. “ಕೋಲೆಬಸವನ ಹಾಗೆ ತಲೆ ಆಡಿಸ್ಬೇಡಿ” ಎಂದು ನಾನು ಬೈದಷ್ಟು ಸಲ ಆ ಲಿಫ್ಟೂ ಮೇಲೆ ಕೆಳಗೆ ಹೋಗಿರಲಿಕ್ಕಿಲ್ಲ.

“ಲಿಫ್ಟಲ್ಲಿ ಯಾರೂ ಜಗಳ ಆಡಲ್ಲ ಕಣೇ” ಎಂದರು. “ಅಲ್ಲಿ ಎಲ್ಲಾ ಒಪ್ಕೊಳ್ಳೋರೇ. ಯಾರು ಯಾರಿಗೆ ಹೇಗೆ ಒಪ್ಕೋತಾರೆ ಅಂತ ಕೇಳಿಸ್ಕೊಳ್ಳೋದೇ ನನ್ನ ಕೆಲಸ.”

ಒಗೆದ ಬೆಡ್‌ಶೀಟೊಂದು ಮಂಚದ ಮೇಲಿತ್ತು. ಎರಡು ತುದಿ ಅವರ ಕೈಗೆ ಕೊಟ್ಟೆ, ಎರಡು ನಾನು ಹಿಡಿದೆ. ಮಡಚುತ್ತಾ ಪಾಠ ಶುರುವಾಯಿತು. ಅವರ ಪಾಠಕ್ಕೆ ಪುಸ್ತಕವಿಲ್ಲ, ಮಹಡಿಗಳಿದ್ದವು.

“ಒಂದನೇದು, ನೆಲದ ಮೇಲಿರೋದು, ‘ಶ್ಯೂರ್’. ಪಾರ್ಸೆಲ್ ತರೋರು, ವಾಚ್‌ಮನ್ನು, ನಾನು, ಎಲ್ಲಾ ಅನ್ನೋದು ಅದೇ. ಎರಡನೇ ಮಹಡಿ ‘ಐ ಸಪೋಸ್ ಸೋ.’ ಬಾಯಿ ಹೂಂ ಅನ್ನುತ್ತೆ, ಮನಸ್ಸು ಇನ್ನೂ ಕೆಳಗೇ ನಿಂತಿರುತ್ತೆ. ಮೂರನೇದು ‘ಫೇರ್ ಎನಫ್.’ ವಾದ ಮಾಡಿ, ಸರಿ ನಿನ್ನ ಮಾತೇ ಇರಲಿ ಅಂತ ಬಿಟ್ಟುಕೊಡೋರು ಅನ್ನೋದು. ನಾಲ್ಕನೇದು ‘ಟೆಲ್ ಮಿ ಅಬೌಟ್ ಇಟ್.’”

“ಅದರ ಬಗ್ಗೆ ಹೇಳು ಅಂತ ಕೇಳಿದ್ರೆ ಒಪ್ಪಿಗೆ ಹೇಗ್ರೀ ಆಗುತ್ತೆ?”

“ನನಗೂ ಅದೇ ಕಷ್ಟ, ನನ್ನ ಕೇಳಬೇಡ ಅನ್ನೋ ಹಾಗೆ. ಸೆಕೆ, ಸೊಂಟನೋವು, ಮೇಲಧಿಕಾರಿ, ಇಂಥ ವಿಷಯಕ್ಕೆ ಅದು. ಅವರು ಹಾಗಂದ್ರೆ ನೀನು ನಿಜವಾಗ್ಲೂ ಹೇಳೋಕೆ ಕೂತ್ಕೋಬೇಡ. ಐದನೇದು ‘ಎಕ್ಸಾಕ್ಟ್ಲಿ.’ ನನ್ನ ಮನಸ್ಸಲ್ಲಿದ್ದದ್ದನ್ನೇ ನೀವು ಹೇಳಿದ್ರಿ ಅಂತ.”

“ಆರನೇದು?”

“ಆರನೇ ಮಹಡಿ ಬಾಡಿಗೆಗೆ ಹೋಗಿಲ್ಲ, ಖಾಲಿ” ಎಂದರು ಗಂಭೀರವಾಗಿ. “ಏಳನೇದು ‘ಅಬ್ಸಲ್ಯೂಟ್ಲಿ.’ ಪೂರ್ತಿ ಮನಸ್ಸಿಂದ. ಅದರ ಮೇಲೆ ಬರೀ ಆಕಾಶ.”

“ಒಪ್ಪಿಗೆ ಇಲ್ದಿದ್ರೆ?”

“‘ಐ ಸೀ ಯುವರ್ ಪಾಯಿಂಟ್, ಬಟ್’ ಅನ್ನು. ಅದು ಎರಡು ಮಹಡಿ ನಡುವೆ ನಿಂತ ಲಿಫ್ಟು. ಜಾಸ್ತಿ ಹೊತ್ತು ನಿಲ್ಲಿಸ್ಬೇಡ, ಜನ ಹೆದರ್ತಾರೆ.”

ಆಮೇಲೆ ಪರೀಕ್ಷೆ. ಅವರು ನಮ್ಮ ಭಾಷೆಯಲ್ಲಿ ಏನಾದರೂ ಹೇಳಬೇಕು, ನಾನು ಇಂಗ್ಲಿಷಿನಲ್ಲಿ ಒಪ್ಪಬೇಕು.

“ಇವತ್ತು ಅಡುಗೆಗೆ ಉಪ್ಪು ಜಾಸ್ತಿಯಾಗಿತ್ತು.”

“ಎಲ್ಲಿ ಜಾಸ್ತಿಯಾಗಿತ್ತು? ಎರಡು ಸಲ ಹಾಕಿಸ್ಕೊಂಡು ತಿಂದ್ರಲ್ಲ!”

“ಒಪ್ಕೋಬೇಕು.”

ಹಲ್ಲು ಕಚ್ಚಿ “ಅಬ್ಸಲ್ಯೂಟ್ಲಿ” ಎಂದೆ.

“ನಮ್ಮಕ್ಕ ತುಂಬಾ ಒಳ್ಳೆಯವಳು.”

ಇವರ ಅಕ್ಕ ಎಂಥವಳೆಂದು ನನಗೆ ಗೊತ್ತಿಲ್ಲವೇ? ಬೆಡ್‌ಶೀಟನ್ನು ಒಮ್ಮೆ ಜೋರಾಗಿ ಕೊಡವಿದೆ. “ಐ ಸಪೋಸ್ ಸೋ.”

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಭೇಷ್! ಆ ಮಾತು ಇರೋದೇ ಅದಕ್ಕೆ.”

ಸೋಮವಾರ, ಮಂಗಳವಾರ ಹೀಗೇ ನಡೆಯಿತು. ಒಂದೇ ಬೆಡ್‌ಶೀಟನ್ನು ಬಿಚ್ಚಿ, ಮಡಚಿ, ಮತ್ತೆ ಬಿಚ್ಚಿದೆವು. ಪ್ರತಿ ಮಡಿಕೆಗೂ ಇಬ್ಬರೂ ಹೆಜ್ಜೆ ಹಾಕಿ ಹತ್ತಿರ ಬರಬೇಕು. ಮದುವೆಯಾದಂದಿನಿಂದ ನಾವು ಇಷ್ಟು ಸಲ ಎದುರುಬದುರು ನಿಂತದ್ದೇ ಇಲ್ಲವೇನೋ. ಅವರಿಗೆ ನಾನು ಇಷ್ಟು ಸಲ ಹೌದು ಎಂದದ್ದಂತೂ ಖಂಡಿತ ಇಲ್ಲ.

ಬುಧವಾರ ಅವರು ಯಾಕೋ ಬೇಗಬೇಗ ಹೇಳತೊಡಗಿದರು.

“ಈ ಮನೆಗೆ ಯಜಮಾನಿ ನೀನೇ.”

“ಎಕ್ಸಾಕ್ಟ್ಲಿ.”

“ಏನ್ ಸೆಕೆ!”

“ಟೆಲ್ ಮಿ ಅಬೌಟ್ ಇಟ್.”

“ಮೂವತ್ತನೇ ತಾರೀಖು ನನ್ನ ಕೆಲಸ ಮುಗಿಯುತ್ತೆ, ಆಮೇಲೆ ಮನೇಲೇ ಇರ್ತೀನಿ.”

“ಫೇರ್ ಎನಫ್” ಎಂದುಬಿಟ್ಟೆ. ಹೇಳಿದ ಮೇಲೆ ಅರ್ಥವಾಯಿತು. ಬೆಡ್‌ಶೀಟ್ ನಮ್ಮಿಬ್ಬರ ನಡುವೆ ತೊಟ್ಟಿಲಿನ ಹಾಗೆ ಜೋತುಬಿತ್ತು.

“ಏನಂದ್ರಿ?”

“ಹೊಸ ಲಿಫ್ಟ್ ಬರ್ತಿದೆ. ಗುಂಡಿ ಒತ್ತಿದ್ರೆ ತಾನೇ ಹೋಗುತ್ತೆ. ನಡೆಸೋಕೆ ಆಳು ಬೇಡ.”

“ಯಾವಾಗ ಹೇಳಿದ್ರು ನಿಮಗೆ?”

“ಒಂದೂವರೆ ತಿಂಗಳಾಯ್ತು.”

“ನೀವೇನಂದ್ರಿ?”

“ಶ್ಯೂರ್ ಸಾರ್ ಅಂದೆ.”

ನನ್ನ ತಲೆಗೆ ಬೆಂಕಿ ಹತ್ತಿತು. ಆ ಕಟ್ಟಡದ ಮ್ಯಾನೇಜರನ ಹಲ್ಲು ಉದುರಿಸುತ್ತೇನೆ, ನಾಳೆಯೇ ಹೋಗಿ ಗೇಟಿನಲ್ಲಿ ನಿಂತು ಅವನ ಏಳು ಮಹಡಿಯೂ ಇಳಿದು ಬರುವ ಹಾಗೆ ಕೂಗುತ್ತೇನೆ ಎಂದೆಲ್ಲ ಅಬ್ಬರಿಸಿದೆ. ಅವರು ತಮ್ಮ ಎರಡು ತುದಿಗಳನ್ನು ಬಿಡದೆ ಹಿಡಿದು ನಿಂತಿದ್ದರು.

“ಅದಕ್ಕೇ ಇಷ್ಟು ದಿನ ಹೇಳ್ಲಿಲ್ಲ” ಎಂದರು. “ನೀನು ಹೌದು ಅನ್ನೋದು ಈಗ ಒಂದು ಮೂರು ದಿನದಿಂದ. ಇದೇ ಒಳ್ಳೇ ಸಮಯ ಅಂತ ಹೇಳಿದೆ. ಇಪ್ಪತ್ತಾರು ವರ್ಷ ಅಲ್ಲಿ ಮರ್ಯಾದೆಯಿಂದ ಕೂತಿದೀನಿ. ಮರ್ಯಾದೆಯಿಂದಲೇ ಇಳಿದು ಬರ್ತೀನಿ. ಅಷ್ಟು ಮಾತ್ರ ಒಪ್ಕೋ.”

ಯಾವ ಮಹಡಿಯ ಮಾತೂ ಬಾಯಿಗೆ ಬರಲಿಲ್ಲ. ಮುಂದೆ ಹೋಗಿ ನನ್ನ ಎರಡು ತುದಿಗಳನ್ನು ಅವರ ಕೈಯಲ್ಲಿದ್ದ ತುದಿಗಳಿಗೆ ಕೂಡಿಸಿದೆ. ಇನ್ನು ಆ ಕುರ್ಚಿ ನನ್ನ ಮೊಣಕಾಲಿಗೆ ಮಾತ್ರವಲ್ಲ, ಇಬ್ಬರ ಹೊಟ್ಟೆಗೂ ಬೇಕಿತ್ತು.

ಶುಕ್ರವಾರ ಹನ್ನೊಂದಕ್ಕೆ ಮೇಡಂ ಎದುರು ಕೂತೆ. ಆ ಕೋಣೆ ಮೊದಲು ಡಾಕ್ಟರೊಬ್ಬರದ್ದು, ರೋಗಿಗಳನ್ನು ಪರೀಕ್ಷಿಸುವ ಮಂಚ ಇನ್ನೂ ಮೂಲೆಯಲ್ಲಿತ್ತು. ನನಗಿಂತ ಚಿಕ್ಕವರು. ಮುಂದೆ ನನ್ನ ಹೆಸರಿನ ದಪ್ಪ ಫೈಲು. ಗುಮಾಸ್ತ ಹೇಳಿದಂತೆಯೇ ಅವರ ಪಾಡಿಗೆ ಮಾತಾಡುತ್ತಾ ಹೋದರು. ಸ್ವಚ್ಛತೆಯೇ ಮುಖ್ಯ ಎಂದರು. “ಎಕ್ಸಾಕ್ಟ್ಲಿ” ಎಂದೆ. ಲಾಂಡ್ರಿಯಲ್ಲಿ ಕುದಿಯುವ ಸೆಕೆ ಎಂದರು. “ಟೆಲ್ ಮಿ ಅಬೌಟ್ ಇಟ್” ಎಂದೆ. ಕತ್ತೆತ್ತಿ ನನ್ನನ್ನು ನೋಡಿದರು.

ಆಮೇಲೆ ಫೈಲು ತೆರೆದು, ನಿಮ್ಮ ಬಗ್ಗೆ ಇದರಲ್ಲಿ ಒಂಬತ್ತು ದೂರುಗಳಿವೆ, ನೀವು ತುಂಬಾ ಡಿಫಿಕಲ್ಟ್ ಹೆಂಗಸಂತೆ ಎಂದರು.

ಸುಳ್ಳು ಹೇಳಿ ಏನು ಮಾಡಲಿ? “ಅಬ್ಸಲ್ಯೂಟ್ಲಿ” ಎಂದೆ.

ಮೇಡಂ ತುಟಿ ಕಚ್ಚಿಕೊಂಡರೂ ನಗು ತಡೆಯಲಾಗಲಿಲ್ಲ.

ನಗು ನಿಂತ ಮೇಲೆ ಬಂದದ್ದೇ ಕಷ್ಟದ ಮಾತು. ಇನ್ನು ಮೇಲೆ ಬೆಡ್‌ಶೀಟ್‌ಗಳನ್ನು ಚಿಕ್ಕ ಚೌಕವಾಗಿ ಮಡಚಬೇಕಂತೆ, ಬೀರುವಿನಲ್ಲಿ ಎರಡರಷ್ಟು ಹಿಡಿಸುತ್ತವಂತೆ. ಸರಿ ತಾನೇ ಎಂಬಂತೆ ನನ್ನ ಮುಖ ನೋಡಿದರು. ಅಬ್ಸಲ್ಯೂಟ್ಲಿ ಎಂದಿದ್ದರೆ ಕುರ್ಚಿ ಆಗಲೇ ನನ್ನದು. ಮನೆಯವರ ಮುಖವೂ ಕಣ್ಣ ಮುಂದೆ ಬಂತು. ಆದರೆ ಮೇಲೇಳಲಾರದ ರೋಗಿಯ ಕೆಳಗೆ ಬೆಡ್‌ಶೀಟ್ ಹಾಸುವುದು ಹೇಗೆಂದು ಬೀರುವಿಗೆ ಗೊತ್ತೇ?

“ಐ ಸೀ ಯುವರ್ ಪಾಯಿಂಟ್, ಬಟ್...” ಎಂದೆ.

ಅಲ್ಲಿಗೆ ನನ್ನ ಇಂಗ್ಲಿಷ್ ಖಾಲಿ. ಲಿಫ್ಟು ನಡುವೆ ನಿಂತಿತು. ಜಾಸ್ತಿ ಹೊತ್ತು ನಿಲ್ಲಿಸಬಾರದು ಎಂದಿದ್ದರಲ್ಲ. ಎದ್ದು ಮೂಲೆಯ ಪರೀಕ್ಷೆ ಮಂಚದ ಮೇಲಿನ ಬೆಡ್‌ಶೀಟ್ ಎಳೆದುಕೊಂಡು ಎರಡು ತುದಿಗಳನ್ನು ಮೇಡಂ ಕೈಗೆ ತುರುಕಿದೆ. ಅವರು ಸಡಿಲವಾಗಿ ಹಿಡಿದರು.

“ಗಟ್ಟಿಯಾಗಿ ಹಿಡೀರಿ! ಎಳೀರಿ!” ಎಂದು ನಮ್ಮ ಭಾಷೆಯಲ್ಲೇ ಗದರಿದೆ. ಎಳೆದರು. ನಾವು ಲಾಂಡ್ರಿಯಲ್ಲಿ ಮಡಚುವ ಹಾಗೆಯೇ ಉದ್ದಕ್ಕೆ, ನಡುಮಡಿಕೆ ಬೆನ್ನುಮೂಳೆಯ ಗೆರೆಗೆ ಬರುವಂತೆ ಮಡಚಿಸಿದೆ.

ಆಮೇಲೆ ಒಂಬತ್ತು ದೂರಿನ ಫೈಲನ್ನು ಎತ್ತಿ ಮಂಚದ ನಡುವೆ ಮಲಗಿಸಿದೆ. “ಪೇಷಂಟ್” ಎಂದೆ. ಪೇಷಂಟನ್ನು ಮೆಲ್ಲಗೆ ಆ ಮಗ್ಗುಲಿಗೆ ಹೊರಳಿಸಿದೆ. ಖಾಲಿಯಾದ ಅರ್ಧಕ್ಕೆ ಬೆಡ್‌ಶೀಟಿನ ಅರ್ಧ ಬಿಚ್ಚಿ ಹಾಸಿ, ಉಳಿದ ಮಡಿಕೆಯನ್ನು ಬೆನ್ನಿಗೆ ಒತ್ತಿಟ್ಟೆ. ಪೇಷಂಟನ್ನು ಈ ಮಗ್ಗುಲಿಗೆ ಹೊರಳಿಸಿ ಇನ್ನರ್ಧವನ್ನು ಒಂದೇ ಎಳೆತಕ್ಕೆ ಬಿಚ್ಚಿದೆ. ಪೇಷಂಟ್ ಮಂಚ ಬಿಟ್ಟು ಏಳಲೇ ಇಲ್ಲ. ಚೌಕವಾಗಿ ಮಡಚಿದ್ದರೆ ಎಲ್ಲವನ್ನೂ ರೋಗಿಯ ಮೇಲೆಯೇ ಬಿಚ್ಚಿ ಹರಡಬೇಕಾಗುತ್ತದೆ ಎಂದು ಕೈಯಲ್ಲೇ ತೋರಿಸಿದೆ.

ಮೇಡಂ ಪೇಷಂಟನ್ನು ಮಂಚದಿಂದ ಎತ್ತಿ ಬಗಲಿಗಿಟ್ಟುಕೊಂಡರು. “ಫೇರ್ ಎನಫ್” ಎಂದರು.

ಮೂರನೇ ಮಹಡಿ! ನಿನ್ನ ಮಾತೇ ಇರಲಿ ಎಂದು ಬಿಟ್ಟುಕೊಡುವವರ ಮಾತು. ಸೋಮವಾರದಿಂದ ಲಿನನ್ ರೂಮಿಗೆ ಬನ್ನಿ ಎಂದು ಅವರು ಆಮೇಲೆ ಬಿಡಿಸಿ ಹೇಳಿದರು. ನನಗೆ ಆಗಲೇ ಗೊತ್ತಾಗಿತ್ತು.

ಸಂಜೆ ಮನೆಗೆ ಹೋಗಲಿಲ್ಲ. ನೇರ ಅವರ ಕಟ್ಟಡಕ್ಕೆ ಹೋದೆ. ಕಾಲಿದ್ದವರು ಪೆಟ್ಟಿಗೆಯಲ್ಲಿ ಯಾಕೆ ನೇತಾಡಬೇಕು ಎಂದು ಇಷ್ಟು ವರ್ಷ ಆ ಲಿಫ್ಟಿಗೆ ಕಾಲಿಟ್ಟಿರಲಿಲ್ಲ. ಆಫೀಸು ಬಿಟ್ಟು ಎಲ್ಲರೂ ಇಳಿಯುವ ಹೊತ್ತು, ಮೇಲೆ ಹೋಗುವವರು ಕಮ್ಮಿ. ನನ್ನ ಜೊತೆ ಟೈ ಕಟ್ಟಿದ ಒಬ್ಬರು ಹತ್ತಿದರು. ಯಜಮಾನರು ಸ್ಟೂಲಿನಿಂದ ಎದ್ದು “ಗುಡ್ ಈವನಿಂಗ್, ಮ್ಯಾನೇಜರ್ ಸಾರ್” ಎಂದರು. ನನ್ನನ್ನು ಕಂಡು ಅವರ ಮುಖ ಬಿಳಿಚಿಕೊಂಡಿತು. ಪಟಾಕಿ ಎಲ್ಲಿ ಸಿಡಿಯುತ್ತದೋ ಎಂಬ ಭಯ.

ಮ್ಯಾನೇಜರು ಕರವಸ್ತ್ರದಿಂದ ಕತ್ತು ಒರೆಸಿಕೊಂಡು, ಎಂಥ ಸೆಕೆ ಎಂದು ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದರು.

ಎರಡು ದಿನದಿಂದ ಕೂಡಿಟ್ಟ ಬೈಗುಳ ಗಂಟಲವರೆಗೆ ಬಂದಿತ್ತು. ನುಂಗಿದೆ. “ಟೆಲ್ ಮಿ ಅಬೌಟ್ ಇಟ್” ಎಂದೆ.

ಯಜಮಾನರ ಕೈ ಹಿಡಿಕೆಯ ಮೇಲೆಯೇ ನಿಂತುಹೋಯಿತು. ಅವರ ಕಣ್ಣಲ್ಲಿ ನೀರಾಡಿದ್ದು ನನಗೆ ಕಂಡಿತು. ಜಾಲರಿ ಎಳೆದು ಲಿಫ್ಟ್ ನಡೆಸಿದರು. ಮ್ಯಾನೇಜರು ಎರಡನೇ ಮಹಡಿಯಲ್ಲಿ ಇಳಿದು ಹೋದರು.

ಉಳಿದವರು ನಾವಿಬ್ಬರೇ. ಆದರೂ ಅವರು ಡ್ಯೂಟಿಯಲ್ಲಿದ್ದಾರಲ್ಲ, ನೆಟ್ಟಗೆ ನಿಂತು ಕೇಳಿದರು, “ಎಷ್ಟನೇ ಮಹಡಿ, ಮೇಡಂ?” ಬುಧವಾರ ಒಪ್ಕೋ ಎಂದದ್ದಕ್ಕೆ ಅವರು ಉತ್ತರ ಕೇಳುತ್ತಿದ್ದಾರೆಂದು ನನಗೆ ಗೊತ್ತಿತ್ತು.

“ಏಳು” ಎಂದೆ.

“ಏಳಾ?”

“ಏಳು ಕಣ್ರೀ. ಅದರ ಮೇಲೆ ಬರೀ ಆಕಾಶ.”

ಅವರು ಹಿಡಿಕೆ ತಿರುಗಿಸಿದರು. ಆರನೇ ಖಾಲಿ ಮಹಡಿಯನ್ನೂ ದಾಟಿ ಲಿಫ್ಟು ಏಳರಲ್ಲಿ ನಿಂತಿತು. ಯಾರೂ ಇಳಿಯಲಿಲ್ಲ. ಅವರು ಸ್ಟೂಲನ್ನು ನನ್ನತ್ತ ಸರಿಸಿದರು. ಕೂತೆ. ಮೊಣಕಾಲಿಗೆ ಹಾಯೆನಿಸಿತು.

ಕೆಳಗಿನಿಂದ ಯಾರೋ ಲಿಫ್ಟಿನ ಗಂಟೆ ಬಾರಿಸತೊಡಗಿದರು. ಒಮ್ಮೆ, ಎರಡು ಸಲ, ಮೂರು ಸಲ. ಗಂಟೆ ಬಾರಿಸಿದರೆ ಓಡುವ ಮನುಷ್ಯ ಅವರು. ಕೈ ಆಗಲೇ ಹಿಡಿಕೆಗೆ ಹೋಗಿತ್ತು.

“ಕಾಯ್ಲಿ ಬಿಡ್ರೀ” ಎಂದೆ.

ಅವರು ಹಿಡಿಕೆಯಿಂದ ಕೈ ತೆಗೆದರು.

“ಹೂಂ” ಎಂದರು.