ಅಕ್ಕನ ಹೆಸರಿನ ಲೈಸೆನ್ಸ್

ಅಕ್ಕ ತೀರಿಕೊಂಡ ಮೇಲೂ ಕಚೇರಿಯ ಡಿಬಗರ್ ಅವಳ ಹೆಸರಿನಲ್ಲೇ ತೆರೆದುಕೊಳ್ಳುತ್ತಿತ್ತು. ಕಸೂತಿ ಯಂತ್ರ ನಡೆಸುವ ಪ್ರೋಗ್ರಾಂನಲ್ಲಿ ತಪ್ಪು ಹುಡುಕುವ ಸಲಕರಣೆ ಅದು. ಅದರಲ್ಲಿ ಅಕ್ಕನದು ಎತ್ತಿದ ಕೈ. ಅನುಮಾನ ಬಂದ ಕಡೆಯೆಲ್ಲ ಪ್ರೋಗ್ರಾಂ ನಿಲ್ಲುವಂತೆ ಕೆಂಪು ಚುಕ್ಕಿ ಇಟ್ಟು, ಪಕ್ಕದಲ್ಲಿ ಒಂದು ಮಾತು ಬರೆದಿಡುತ್ತಿದ್ದಳು: 'ದಾರ ಇಲ್ಲೇ ತುಂಡಾಗೋದು, ಕಳ್ಳ ಸಿಕ್ಕಿದ.' 'ಈ ಲೆಕ್ಕ ಸುಳ್ಳುಬುರುಕ, ನಂಬಬೇಡ.'

ಅವಳ ಕುರ್ಚಿಗೆ ಈಗ ತಂಗಿ ಬಂದಿದ್ದಳು. ದಿನಕ್ಕೊಂದು ಚುಕ್ಕಿಯ ಮಾತನ್ನು ಮನೆಗೆ ಒಯ್ದು ಅಮ್ಮನಿಗೆ ಹೇಳುವಳು. ಅಮ್ಮ ನಗುತ್ತಿದ್ದುದು ಆಗ ಮಾತ್ರ.

"ಪುಟ್ಟಿ, ಆ ಡಿಬಗರ್ ಲೈಸೆನ್ಸ್ ನಿನ್ನ ಹೆಸರಿಗೆ ಮಾಡ್ಕೊಂಡುಬಿಡು," ಎಂದರು ಕಚೇರಿಯ ಯಜಮಾನರು. "ಯಾರ ಹೆಸರಿಗಿದೆಯೋ ಅವರು ಮಾತ್ರ ಬಳಸಬೇಕಂತೆ. ಮಾರಿದವರು ವಿಚಾರಿಸ್ತಿದ್ದಾರೆ."

"ಹೀಗೇ ಇದ್ರೆ ಯಾರ ಗಂಟು ಹೋಗುತ್ತೆ ಸಾರ್?"

"ನನ್ನದೇ ಕಣಮ್ಮ! ಸಲಕರಣೆ ಕಿತ್ಕೊಂಡ್ರೆ ಭೂತಗನ್ನಡಿ ಹಿಡ್ಕೊಂಡು ತಪ್ಪು ಹುಡುಕ್ತೀಯಾ?" ಎಂದವರು, ಅವಳ ಮುಖ ನೋಡಿ ದನಿ ತಗ್ಗಿಸಿದರು. "ಹೆಸರು ತಾನೇ ಬದಲಾಗೋದು. ಬೇರೇನೂ ಹೋಗಲ್ಲ."

ಹೆಸರು ಬದಲಿಸಲು ಹಳೆಯವರೇ ಒಪ್ಪಿಗೆ ಕೊಡಬೇಕಿತ್ತು. ತಂಗಿ ಅಕ್ಕನಾಗಿ ಒಳಹೊಕ್ಕು ಗುಂಡಿ ಒತ್ತಿದಳು. ಬಿಟ್ಟುಕೊಡಲು ಕಾರಣವೇನೆಂದು ಪರದೆ ಕೇಳಿತು: ಬೇರೆ ಕೆಲಸ, ನಿವೃತ್ತಿ, ಇತರೆ. ಮೂರನ್ನೂ ಮತ್ತೊಮ್ಮೆ ಓದಿ, 'ಇತರೆ' ಒತ್ತಿದಳು.

ಮತ್ತೆ ತೆರೆದಾಗ ಅವಳದೇ ಹೆಸರು ಬಂತು. ಪ್ರೋಗ್ರಾಂ ಎಲ್ಲೂ ನಿಲ್ಲದೆ ಕೊನೆಯವರೆಗೂ ಓಡಿತು. ಚುಕ್ಕಿಗಳೂ ಅವುಗಳ ಪಕ್ಕದ ಮಾತುಗಳೂ ಅಕ್ಕನ ಹೆಸರಿನ ಜೊತೆಗೇ ಅಳಿಸಿಹೋಗಿದ್ದವು. ಬೇರೆ ಕಡೆ ಬರೆದಿಟ್ಟುಕೊಳ್ಳಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ. ಮಾರಿದವರಿಗೆ ಫೋನ್ ಮಾಡಿದ ಯಜಮಾನರು ಬಾಗಿಲಲ್ಲೇ ನಿಂತು ತಲೆಯಾಡಿಸಿದರು. "ವಾಪಸ್ ಬರಲ್ವಂತೆ ಪುಟ್ಟಿ. ನನಗೂ ಗೊತ್ತಿರಲಿಲ್ಲ."

ಸಂಜೆ ಅಮ್ಮ ಒಣಗಿದ ಬಟ್ಟೆ ಮಡಿಚುತ್ತಿದ್ದಳು. "ಏನಂತೆ ಇವತ್ತು ನಿಮ್ಮಕ್ಕಂದು?"

"ಇನ್ಮೇಲೆ ಏನೂ ಇಲ್ಲಮ್ಮ. ನನ್ನ ಕೈಯಾರೆ ಅಳಿಸಿಬಿಟ್ಟೆ."

ಅಮ್ಮ ಬೈಯಲಿಲ್ಲ. ಮಡಿಚಿದ್ದ ಟವಲನ್ನೇ ಬಿಚ್ಚಿ ಮತ್ತೆ ಮಡಿಚಿದಳು. "ಹೋಗ್ಲಿ, ನಿನ್ನೆದ್ದೇ ಇನ್ನೊಂದ್ಸಲ ಹೇಳು," ಎಂದಳು.

ತಂಗಿ ಹೇಳಿದಳು. ಅಮ್ಮ ನಕ್ಕಳು ಕೂಡ. ಆದರೆ ಅಕ್ಕ ಬರೆದದ್ದು ಹಾಗೆಯೇ ಇತ್ತೋ, ತಾನೇ ಒಂದೆರಡು ಮಾತು ಸೇರಿಸಿದಳೋ, ಅವಳಿಗೇ ಗೊತ್ತಾಗಲಿಲ್ಲ. ನೋಡೋಣವೆಂದರೆ ಎಲ್ಲೂ ಇರಲಿಲ್ಲ.