ಹೊಲಿಯದೆ ಬಿಟ್ಟ ಮೂಲೆ

ಕನ್ನಮ್ಮ ಅಂಗೈಯಲ್ಲಿ ಐದು ಅಕ್ಕಿಕಾಳು ಇಟ್ಟುಕೊಂಡು ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡುತ್ತಿದ್ದಾಗ ಕೆರಿಯಪ್ಪ ಅಂಗಡಿಯ ಮೆಟ್ಟಿಲು ಹತ್ತಿದ. ಹೊಸನಗರದ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವಳ ಮಗ ಶಿವಮೂರ್ತಿಯ ಟೈಲರ್ ಅಂಗಡಿ. ಕೆರಿಯಪ್ಪ ಬಸ್ಸಿನ ಕಂಡಕ್ಟರಾಗಿದ್ದು ರಿಟೈರಾದವನು. ಹಳೆಯ ಪ್ಯಾಂಟೊಂದನ್ನು ಸಡಿಲ ಮಾಡಲು ಕೊಟ್ಟು ಹೋಗಿದ್ದ.

"ಶಿವಮೂರ್ತಿ ಇಲ್ವಾ ಕನ್ನಮ್ಮೋರೇ? ನನ್ ಪ್ಯಾಂಟು?"

"ಗುಂಡಿ ತರಕ್ಕೆ ಹೋಗಿದಾನೆ, ಕೂತ್ಕೊಳಿ. ಪ್ಯಾಂಟು ಆಗಿದೆ. ಸೊಂಟ ಎರಡಿಂಚು ಬಿಡಿಸಿದಾನೆ. ಇನ್ನು ಬಿಡಿಸಕ್ಕೆ ಒಳಗೆ ಬಟ್ಟೆ ಇಲ್ಲ, ಊಟ ಕಮ್ಮಿ ಮಾಡಿ."

"ಮೂವತ್ತು ವರ್ಷ ಬಸ್ಸಲ್ಲಿ ನಿಂತು ನಿಂತು ಸವೆದ ಹೊಟ್ಟೆ ಮಾರಾಯ್ರೇ, ಈಗ ಕೂತು ವಸೂಲಿ ಮಾಡ್ತಿದೆ." ಕೆರಿಯಪ್ಪ ಸ್ಟೂಲ್ ಎಳೆದುಕೊಂಡು ಕೂತ. "ಆಪರೇಷನ್ನಾದ ಕಣ್ಣು ಹೆಂಗಿದೆ ಈಗ?"

"ಚೆನ್ನಾಗಿದೆ. ಕೆಂಪು ಅನ್ನೋದು ಇಷ್ಟು ಕೆಂಪಗಿರತ್ತೆ ಅಂತ ಮರ್ತೇ ಹೋಗಿತ್ತು ನೋಡಿ."

ನೆಲದ ಮೇಲೆ ಎಳೆಮಗುವಿನ ಅಳತೆಯ ಕೌದಿ ಹರಡಿತ್ತು. ಅಂಗಡಿಯಲ್ಲಿ ಯಾರಿಗೂ ಬೇಡವಾಗಿ ಮೂಲೆ ಸೇರಿದ್ದ ಚೂರುಗಳೆಲ್ಲ ಅದರಲ್ಲಿ ಜಾಗ ಪಡೆದಿದ್ದವು. ಶಾಲೆಯ ಯೂನಿಫಾರ್ಮಿನ ನೀಲಿ, ಯಾರದೋ ಮದುವೆ ರವಿಕೆಯಲ್ಲಿ ಉಳಿದ ಕೆಂಪು, ಕಿಟಕಿಯ ಪರದೆಯ ಅರಿಸಿನ, ಗಿರಾಕಿಯೊಬ್ಬಳು ಬಣ್ಣ ಸರಿಯಿಲ್ಲವೆಂದು ಬಿಟ್ಟುಹೋದ ನೇರಳೆ. ಮಗುವಿನ ಮೈಗೆ ತಾಗುವ ಕಡೆ ಮಾತ್ರ ತೊಳೆದು ತೊಳೆದು ಮೆತ್ತಗಾದ ಹತ್ತಿ ಸೀರೆಗಳು. ನಟ್ಟನಡುವೆ ಒಂದು ಗೇಣಗಲದ ಹಸಿರು ಚೌಕ. ತಂದಿದ್ದ ಸೀರೆಗಳಲ್ಲೆಲ್ಲ ಮೆತ್ತಗಿದ್ದದ್ದು ಅದೇ ಎಂದು ಕನ್ನಮ್ಮ ಅದನ್ನು ಮಗುವಿನ ಬೆನ್ನು ಬರುವ ಜಾಗಕ್ಕೆ ಹಾಕಿದ್ದಳು.

ಒಂದು ಮೂಲೆಯನ್ನಷ್ಟೇ ಹೊಲಿಯದೆ ಬಿಟ್ಟಿದ್ದಳು. ಅದರೊಳಗೆ ಐದು ಇಡೀ ಅಕ್ಕಿಕಾಳು ಹಾಕಿ, ಮಗುವಿಗೆ ಹಸಿವು ಕಾಣದಿರಲಿ, ಚಳಿ ಕಾಣದಿರಲಿ ಎಂದು ಹೇಳಿ ಮುಚ್ಚಬೇಕು. ಕೌದಿಯ ಹೊಟ್ಟೆ ಖಾಲಿ ಇರಬಾರದು ಎಂದು ಅವಳ ತಾಯಿ ಹೇಳುತ್ತಿದ್ದಳು. ಲಿಂಗನಮಕ್ಕಿ ಅಣೆಕಟ್ಟಿನ ನೀರು ಊರೊಳಗೆ ಬಂದಾಗ ಪಾತ್ರೆಪಡಗವನ್ನೆಲ್ಲ ಕೌದಿಯಲ್ಲೇ ಗಂಟು ಕಟ್ಟಿ ತಲೆಯ ಮೇಲೆ ಹೊತ್ತು ಬಂದವಳು ಆಕೆ. ಅಕ್ಕಿ ಹಾಕುವ ಕೈ ಮಗುವಿನ ಅಜ್ಜಿಯದಾಗಿರಬೇಕು ಎನ್ನುವುದೂ ಅವಳದೇ ಮಾತು.

"ಈ ಮೂಲೆ ಯಾಕೆ ಬಾಯಿ ಬಿಟ್ಕೊಂಡಿದೆ?" ಎಂದ ಕೆರಿಯಪ್ಪ.

"ಅದು ಅಜ್ಜಿ ಮುಚ್ಚೋದು. ನಾಳೆ ತೀರ್ಥಳ್ಳಿಗೆ ಹೋಗ್ತೀನಿ. ವಿಶಾಲಕ್ಕನ ಮಗಳು ಸೌಜನ್ಯಂಗೆ ಎಂಟು ತಿಂಗಳು ತುಂಬ್ತು. ಅವರ ಕೈಲಿ ಅಕ್ಕಿ ಹಾಕಿಸ್ಕೊಂಡು ಬರಬೇಕು. ಮಾತಿಗೆ ತಪ್ಪದೆ ಸೀರೆ ಕಳಿಸಿದಾರೆ, ನೋಡಿ ಎಂಥಾ ಸೀರೆಗಳು."

ಕೆರಿಯಪ್ಪ ಪ್ಯಾಂಟನ್ನು ಮಡಿಚುತ್ತಿದ್ದವನು ನಿಲ್ಲಿಸಿದ. "ಯಾವ ವಿಶಾಲಕ್ಕ? ಹೊಲಿಗೆ ಟೀಚರ್ರಾ?"

"ಮತ್ತಿನ್ಯಾರು."

ಅವನು ಬೀದಿಯ ಕಡೆ ನೋಡಿದ. ಶಿವಮೂರ್ತಿ ಬರುತ್ತಾನೇನೋ ಎಂಬಂತೆ ಇನ್ನೊಮ್ಮೆ ನೋಡಿದ. "ಕನ್ನಮ್ಮೋರೇ, ನಿಮಗೆ ಹೇಳಿಲ್ವಾ? ಅವರ ವೈಕುಂಠದ ಊಟಕ್ಕೆ ನಾನೂ ಹೋಗಿದ್ನಲ್ಲ. ಶಿವಮೂರ್ತಿ ನನ್ ಪಕ್ಕದ ಎಲೇಲೇ ಕೂತಿದ್ದ."

ಕನ್ನಮ್ಮನ ಬೆರಳುಗಳು ಅಕ್ಕಿಕಾಳಿನ ಮೇಲೆ ಮುಚ್ಚಿಕೊಂಡವು. ಕೆರಿಯಪ್ಪನ ತುಟಿ ಆಡುತ್ತಿರುವುದು ಅವಳಿಗೆ ಕಾಣುತ್ತಿತ್ತು. ಅವನ ಗಡ್ಡದ ಒಂದೊಂದು ಬಿಳಿ ಕೂದಲೂ ಕಾಣುತ್ತಿತ್ತು. ಮಾತು ಮಾತ್ರ ಕೇಳಲಿಲ್ಲ.

"ಪ್ಯಾಂಟಿನ ಉದ್ದ ಸರಿಯಿದೆಯಾ ನೋಡ್ಕೊಳಿ" ಎಂದಳು.

ಅವನು ಪ್ಯಾಂಟನ್ನು ಕಂಕುಳಲ್ಲಿ ಇಟ್ಟುಕೊಂಡು, ಚಪ್ಪಲಿಯನ್ನು ಸರಿಯಾಗಿ ಮೆಟ್ಟಿಕೊಳ್ಳದೆಯೇ ಇಳಿದು ಹೋದ.

ಶಿವಮೂರ್ತಿ ಗುಂಡಿಯ ಪೊಟ್ಟಣ ಹಿಡಿದು ಬಂದಾಗ ತಾಯಿ ಕೂತಲ್ಲೇ ಇದ್ದಳು.

"ಯಾವತ್ತು?" ಎಂದಳು.

ಯಾರ ವಿಷಯ ಎಂದು ಅವನು ಕೇಳಲಿಲ್ಲ. ಪೊಟ್ಟಣವನ್ನು ಮೆಷಿನ್ನಿನ ಮೇಲಿಟ್ಟ. "ನಿನ್ನ ಆಪರೇಷನ್ನಾದ ಮೂರನೇ ದಿನ. ಬೆಳಿಗ್ಗೆ ದೇವರಿಗೆ ಹೂ ಕೊಯ್ದು ತಂದು ಕೂತ್ರಂತೆ. ಏಳಲಿಲ್ಲ."

"ಎಷ್ಟು ದಿನ ಆಯ್ತು?"

"ನಲವತ್ತಾರು."

"ನಲವತ್ತಾರು ದಿನ."

"ಕಣ್ಣಲ್ಲಿ ನೀರು ಬರಬಾರ್ದು, ತಲೆ ಬಗ್ಗಿಸಬಾರ್ದು ಅಂದಿದ್ರಲ್ಲಮ್ಮ ಡಾಕ್ಟ್ರು. ನಿಂಗೆ ಹೇಳಿದ್ರೆ ಸುಮ್ನಿರ್ತಿದ್ಯಾ ನೀನು?"

"ತಿಂಗಳು ಕಳೀತಲ್ಲ. ಆಮೇಲೆ?"

"ಆಮೇಲೆ ನೀನು ಕೌದಿ ಹಿಡ್ಕೊಂಡು ಕೂತೆ. ಗುನುಗಿಕೊಂಡು ಹೊಲೀತಿದ್ದೆ. ನಾಳೆ ಹೇಳಣ, ನಾಳೆ ಹೇಳಣ ಅಂತ... ಬಾಯಿ ಬರ್ಲಿಲ್ಲ."

"ಫೋನು ಹಚ್ಚಿಕೊಡು ಅಂದಾಗೆಲ್ಲ ನೆಟ್‌ವರ್ಕ್ ಇಲ್ಲ ಅಂದೆ."

ಅವನು ಗುಂಡಿಯ ಪೊಟ್ಟಣವನ್ನು ಬಿಚ್ಚತೊಡಗಿದ.

"ಮುಖ ನೋಡಲಿಲ್ಲ ಕಣೋ ನಾನು."

ಅವಳು ಬೆರಳಿನಿಂದ ಕಣ್ಣಿನ ಕೆಳಗೆ ಒತ್ತಿ ನೋಡಿಕೊಂಡಳು. ಒಣಗಿತ್ತು. ನಲವತ್ತು ವರ್ಷದ ಹಿಂದೆ ಮಹಿಳಾ ಮಂಡಳಿಯ ಹೊಲಿಗೆ ತರಗತಿಯಲ್ಲಿ ವಿಶಾಲಾಕ್ಷಮ್ಮ ಅವಳ ಕೈ ಹಿಡಿದು ಕತ್ತರಿ ಓಡಿಸುವುದನ್ನು ಕಲಿಸಿದ್ದರು. ದೇವಸ್ಥಾನದ ಪೂಜೆಯ ಮನೆತನದವರು. ಮೊದಲ ದಿನ ಕನ್ನಮ್ಮ ಬಾಗಿಲ ಹೊರಗೇ ನಿಂತಿದ್ದಾಗ, "ಅಲ್ಲಿಂದ ನೂಲು ಪೋಣಿಸ್ತೀಯಾ? ಒಳಗೆ ಬಾ ಮಾರಾಯ್ತಿ, ಸೂಜಿ ಒಳಗಿದೆ" ಎಂದಿದ್ದರು. ಅವರು ತೀರ್ಥಹಳ್ಳಿಗೆ ಹೋಗಿ ಮಗಳ ಜೊತೆ ಇರತೊಡಗಿದ ಮೇಲೂ ವರ್ಷಕ್ಕೊಂದು ಬಟ್ಟೆಯ ಗಂಟು ತಪ್ಪಿರಲಿಲ್ಲ.

"ಈ ಸಲದ ಗಂಟು?" ಎಂದಳು ಕನ್ನಮ್ಮ.

"ಸೌಜನ್ಯ ಕೊಟ್ಟಿದ್ದು. ವೈಕುಂಠದ ದಿನ."

ಆಗ ಅವಳು ಕೌದಿಯ ಕಡೆ ತಿರುಗಿದಳು. ಈವರೆಗೆ ಬಣ್ಣವಾಗಿದ್ದದ್ದೆಲ್ಲ ಒಮ್ಮೆಲೇ ಒಬ್ಬರ ಮೈಮೇಲಿನ ಬಟ್ಟೆಯಾಗಿ ಕಂಡಿತು. ಎಳೆಮಗುವಿನ ಕೌದಿಗೆ ಸತ್ತವರ ಬಟ್ಟೆಯ ಒಂದು ಎಳೆಯೂ ಬರಬಾರದು. ಬದುಕಿರುವವರು ಉಟ್ಟು, ಒಗೆದು, ತಮ್ಮ ಕೈಯಾರೆ ಕೊಟ್ಟದ್ದೇ ಆಗಬೇಕು. ಇದನ್ನು ಅವಳು ಎಷ್ಟು ಜನರಿಗೆ ಹೇಳಿದ್ದಳೋ. ಹಿಂದೊಮ್ಮೆ ಮೇಗರವಳ್ಳಿಯ ಕಡೆಯ ಹೆಣ್ಣುಮಗಳೊಬ್ಬಳು, ಹೊಟ್ಟೆಯಲ್ಲಿ ಮಗುವಿದ್ದಾಗಲೇ ಗಂಡನನ್ನು ಕಳೆದುಕೊಂಡವಳು, ಅವನ ಚೌಕಳಿ ಶರ್ಟು ತಂದಿದ್ದಳು. ಒಂದೇ ಒಂದು ಚೂರು ಹಾಕಿ ಎಂದಿದ್ದಳು. ಕನ್ನಮ್ಮ ಆಗುವುದಿಲ್ಲವೆಂದು ಹಿಂದಕ್ಕೆ ಕೊಟ್ಟಿದ್ದಳು. ಆ ಹುಡುಗಿ ಶರ್ಟನ್ನು ಮತ್ತೆ ಮಡಿಕೆಗೆ ಸರಿಯಾಗಿ ಮಡಿಸಿ, ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ಎದ್ದು ಹೋಗಿದ್ದಳು.

"ನಿಂಗೆ ಗೊತ್ತಿತ್ತಲ್ಲ ಶಿವಾ, ಮಗುವಿನ ಕೌದಿ ಅಂತ."

"ಬರೀ ಬಟ್ಟೆ ಅಲ್ವೇನಮ್ಮ ಅಂದ್ಕೊಂಡೆ."

ಕನ್ನಮ್ಮ ಅಕ್ಕಿಕಾಳುಗಳನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಎದ್ದಳು.

ಮರುದಿನ ಬೆಳಗಿನ ಬಸ್ಸಿಗೆ ಒಬ್ಬಳೇ ಹೊರಟಳು. ಕೈಚೀಲದಲ್ಲಿ ಕೌದಿ, ಕತ್ತರಿಸಿ ಉಳಿದ ಸೀರೆಗಳು, ಉಳಿಯಬೇಕಾದೀತೆಂದು ತನ್ನದೊಂದು ಸೀರೆ. ನಾನೂ ಬರುತ್ತೇನೆಂದ ಮಗನಿಗೆ "ಅಂಗಡಿ ನೋಡ್ಕ" ಎಂದಷ್ಟೇ ಹೇಳಿದಳು. ದಾರಿಯುದ್ದಕ್ಕೂ ಕಣ್ಣಿಗೆ ಎಲ್ಲವೂ ಚೊಕ್ಕವಾಗಿ ಕಂಡಿತು. ಬೇಲಿಯ ಮೇಲೆ ಒಣಹಾಕಿದ ಬಟ್ಟೆ, ಅಂಗಡಿಗಳ ಬೋರ್ಡು, ಮುಂದಿನ ಸೀಟಿನ ಹೆಂಗಸಿನ ಜಡೆಯಲ್ಲಿದ್ದ ಸೇವಂತಿಗೆ. ವಿಶಾಲಕ್ಕ ಇಲ್ಲದ ಲೋಕವನ್ನು ಒಂದೂವರೆ ತಿಂಗಳಿಂದ ತಾನು ಹೀಗೆ ಸಂತೋಷಪಟ್ಟು ನೋಡಿದ್ದೆನಲ್ಲ ಎಂದುಕೊಂಡಳು.

ಬಾಗಿಲು ತೆಗೆದ ಸೌಜನ್ಯ ಅವಳನ್ನು ನೋಡಿ ಕೈ ಹಿಡಿದುಕೊಂಡಳು. ಹೊಟ್ಟೆ ತುಂಬ ಮುಂದಕ್ಕೆ ಬಂದಿತ್ತು, ಮುಖ ಸಣ್ಣಗಾಗಿತ್ತು. "ಗೊತ್ತಾಯ್ತಾ ಕನ್ನತ್ತೆ?"

"ನಿನ್ನೆ."

"ಶಿವಣ್ಣ ಹೇಳಬೇಡಿ ಅಂದಿದ್ದ. ಕಣ್ಣಿಗೆ ತೊಂದ್ರೆ ಆಗತ್ತೆ ಅಂತ. ಈಗ ಅಳಬಹುದಂತಾ?"

"ಅಳು ಬರ್ತಾನೇ ಇಲ್ಲ ಮಗಾ."

ಕಿಟಕಿಯ ಹತ್ತಿರ ವಿಶಾಲಾಕ್ಷಮ್ಮನ ಹೊಲಿಗೆ ಮೆಷಿನ್ನು ಹಾಗೇ ಇತ್ತು. ಸೂಜಿಯಲ್ಲಿ ಹಳದಿ ನೂಲು ಪೋಣಿಸಿದ್ದು ಪೋಣಿಸಿದಂತೆ ಇತ್ತು. ಕನ್ನಮ್ಮ ಅದರೆದುರು ಚಾಪೆಯ ಮೇಲೆ ಕೂತು ಕೌದಿಯನ್ನು ಬಿಡಿಸಿದಳು. ಸೌಜನ್ಯ ಗೋಡೆಗೆ ಒರಗಿ ನಿಧಾನವಾಗಿ ಕೆಳಗೆ ಕೂತಳು.

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಆ ಗಂಟು ಕಟ್ಟಿದ್ದು ಯಾರು?"

"ಅಮ್ಮನೇ. ಗಂಟಿನ ಮೇಲೆ 'ಕನ್ನಮ್ಮನಿಗೆ' ಅಂತ ಹೊಲಿಗೆ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದಳು. ನೀವು ಆಪರೇಷನ್ನಿಗೆ ಹೋಗೋ ಮುಂಚೇನೇ."

ಕನ್ನಮ್ಮ ಉಸಿರು ಬಿಟ್ಟಳು. ಹಾಗಾದರೆ ಬದುಕಿದ್ದಾಗ ಕೈಯಾರೆ ಕೊಟ್ಟದ್ದೇ ಆಯಿತು. ದೋಷವಿಲ್ಲ. ದೇವರು ಕಾಪಾಡಿದ ಎಂದು ಕೌದಿಯನ್ನು ಕಣ್ಣಿಗೊತ್ತಿಕೊಳ್ಳಲು ಹೋದಾಗ ಸೌಜನ್ಯ ಕೈ ಚಾಚಿ ನಡುವಿನ ಹಸಿರು ಚೌಕವನ್ನು ಮುಟ್ಟಿದಳು.

"ಇದೊಂದು ನಾನು ಸೇರಿಸಿದ್ದು."

"ಅಂದ್ರೆ?"

"ಆವತ್ತು ಉಟ್ಟಿದ್ದ ಸೀರೆ."

ಕನ್ನಮ್ಮನ ಕೈ ಹಸಿರಿನ ಮೇಲಿಂದ ತಾನಾಗಿ ಹಿಂದಕ್ಕೆ ಬಂತು. ಆ ಚೌಕದ ಸುತ್ತ ಹೊಲಿಗೆ ಹಾಕುವಾಗ ಎಷ್ಟು ಸಲ ಅದನ್ನು ಕೆನ್ನೆಗೆ ಒತ್ತಿ ಮೆತ್ತಗಿದೆಯೇ ಎಂದು ನೋಡಿದ್ದಳು.

"ಭಟ್ರು ಅದನ್ನ ಹೊಳೆಗೆ ಬಿಡಬೇಕು ಅಂದ್ರು. ಸಿಗ್ತಿಲ್ಲ ಅಂತ ಸುಳ್ಳು ಹೇಳಿದೆ. ಒಗೆದಿಟ್ಟೆ. ಒಗೆದ್ರೂ ಅಮ್ಮನ ವಾಸನೆ ಇತ್ತು ಕನ್ನತ್ತೆ. ದಿನಾ ಹಿಡ್ಕೊಂಡು ಕೂರ್ತಿದ್ದೆ, ಅಡುಗೆ ಇಲ್ಲ, ಸ್ನಾನ ಇಲ್ಲ. ಹೊಟ್ಟೇಲಿರೋದಕ್ಕೆ ಏನಾದ್ರೂ ಆದೀತು ಅಂತ ನಂಗೇ ಹೆದರಿಕೆ ಆಯ್ತು. ನಿಮ್ಮ ಕೈಗೆ ಬಂದ್ರೆ ಕತ್ತರಿಸ್ತೀರಿ. ಕತ್ತರಿಸಿದ್ಮೇಲೆ ಅದು ಸೀರೆ ಆಗಿರಲ್ಲ ಅಂತ ಗಂಟಿಗೆ ಸೇರಿಸಿಬಿಟ್ಟೆ."

"ನಂಗೆ ಗೊತ್ತಿದ್ರೆ ಕತ್ತರಿ ಇಡ್ತಿರಲಿಲ್ಲ ಸೌಜೀ."

"ಗೊತ್ತು. ಅದಕ್ಕೇ ಹೇಳಲಿಲ್ಲ." ಸೌಜನ್ಯ ಚೌಕದ ಅಂಚನ್ನು ಬೆರಳಿನಿಂದ ಸವರಿದಳು. "ತೆಗೀಲೇಬೇಕಾ? ಅಮ್ಮ ಮಗುವಿಗೆ ಕೆಟ್ಟದ್ದು ಮಾಡ್ತಾಳಾ?"

ಕನ್ನಮ್ಮನಿಗೆ ಚೌಕಳಿ ಶರ್ಟು ನೆನಪಾಯಿತು. ಆವತ್ತು ಅವಳ ಬಾಯಿಗೆ ಎಷ್ಟು ಬೇಗ ಉತ್ತರ ಬಂದಿತ್ತು. ಈಗ ತಡಕಾಡಿದಳು.

"ವಿಶಾಲಕ್ಕ ಯಾರಿಗೂ ಕೆಟ್ಟದ್ದು ಮಾಡಿದೋರಲ್ಲ. ನಂಗೆ ಚಿಂತೆ ಮಗುವಿನದಲ್ಲ. ಆ ಸೀರೆ ಹೊಳೆಗೆ ಹೋಗದೆ ಅವರು ಹೊರಡೋದು ಹೆಂಗೆ? ಒಂದೂವರೆ ತಿಂಗಳಿಂದ ನಾವಿಬ್ರೂ ಸೆರಗು ಹಿಡ್ಕೊಂಡು ಕೂತಿದೀವಿ. ನೀನು ಗೊತ್ತಿದ್ದು, ನಾನು ಗೊತ್ತಿಲ್ಲದೆ."

ಸೌಜನ್ಯ ಹಸಿರು ಚೌಕವನ್ನು ನೋಡುತ್ತ ಕೂತಳು. ಆಮೇಲೆ ಕೈಯೂರಿ ಎದ್ದು ಮೆಷಿನ್ನಿನ ಡ್ರಾಯರ್ ಎಳೆದು, ತಾಯಿಯ ಸಣ್ಣ ಕತ್ತರಿಯನ್ನು ತಂದು ಕನ್ನಮ್ಮನ ಎದುರಿಗಿಟ್ಟಳು.

ಕನ್ನಮ್ಮ ಹೊಲಿಗೆ ಕತ್ತರಿಸಿದಳು, ಸೌಜನ್ಯ ನೂಲು ಎಳೆದಳು. ಚೌಕ ಬಿಚ್ಚಿಕೊಂಡಾಗ ಕೌದಿಯ ನಡುವೆ ಒಳಪದರದ ಬಿಳಿ ಕಂಡಿತು. ಸುತ್ತಲಿನ ಬಣ್ಣಗಳೆಲ್ಲ ಆ ಬಿಳಿಯ ಕಡೆ ನೋಡುತ್ತಿರುವಂತಿತ್ತು. ಕನ್ನಮ್ಮ ಚೀಲದಿಂದ ತನ್ನ ಸೀರೆಯನ್ನು ತೆಗೆದಳು. ಮಣ್ಣಿನ ಬಣ್ಣದ್ದು, ನಾಲ್ಕಾರು ವರ್ಷ ಉಟ್ಟದ್ದು. ಗೇಣಿಟ್ಟು ಅಳೆದು ಕತ್ತರಿಸಿದಳು.

"ಒಳ್ಳೇ ಸೀರೆ ಕನ್ನತ್ತೆ, ಹಾಳಾಯ್ತು."

"ಬದುಕಿರೋರದ್ದು ಬೇಕು. ನಾನಿನ್ನೂ ಇದೀನಲ್ಲ." ಮೆಷಿನ್ನಿನ ಸೂಜಿಯಲ್ಲಿದ್ದ ಹಳದಿ ನೂಲನ್ನು ಹಾಗೇ ಬಿಟ್ಟು, ಉಂಡೆಯಿಂದ ಬೇಕಾದಷ್ಟನ್ನು ಎಳೆದುಕೊಂಡಳು.

ಇಳಿಹೊತ್ತಿಗೆ ಇಬ್ಬರೂ ನಿಧಾನವಾಗಿ ತುಂಗೆಯ ಮೆಟ್ಟಿಲ ತನಕ ನಡೆದರು. ಬಂಡೆಗಳ ನಡುವೆ ನೀರು ತಿಳಿಯಾಗಿತ್ತು. ಬಸುರಿ ನೀರಿಗೆ ಇಳಿಯುವುದು ಬೇಡವೆಂದು ಸೌಜನ್ಯ ಮೇಲಿನ ಮೆಟ್ಟಿಲಲ್ಲಿ ಕೌದಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಕನ್ನಮ್ಮ ಮೊಣಕಾಲುದ್ದದ ನೀರಿಗೆ ಇಳಿದು, ಹಸಿರು ಸೀರೆಯನ್ನೂ ಅದರೊಳಗೆ ಮಡಿಸಿದ ಆ ಚೌಕವನ್ನೂ ನೀರಿನ ಮೇಲಿಟ್ಟಳು. ಅದು ತಕ್ಷಣ ಹೋಗಲಿಲ್ಲ. ಅವಳ ಕಾಲಿಗೆ ಒಮ್ಮೆ ಸುತ್ತಿಕೊಂಡು, ಬಿಡಿಸಿಕೊಂಡು, ಆಮೇಲೆ ಬಂಡೆಯ ಪಕ್ಕದಿಂದ ಉದ್ದಕ್ಕೆ ಹರಡಿಕೊಂಡು ಹೊರಟಿತು. ಹಸಿರು ತುಂಬ ದೂರದವರೆಗೆ ಕಂಡಿತು. ಮೊದಲಿನ ಕಣ್ಣಾಗಿದ್ದರೆ ಅಷ್ಟು ದೂರ ಕಾಣುತ್ತಿರಲಿಲ್ಲ.

ಮೇಲೆ ಬಂದು ಒದ್ದೆ ಸೆರಗಿನ ಗಂಟು ಬಿಚ್ಚಿದಳು. ಐದೂ ಕಾಳು ಇಡಿಯಾಗಿದ್ದವು. ಸೌಜನ್ಯ ಕೌದಿಯ ಮೂಲೆಯನ್ನು ಬಿಡಿಸಿ ಹಿಡಿದು, "ಈಗ ಅಜ್ಜಿ ನೀವೇ ಕನ್ನತ್ತೆ" ಎಂದಳು. ಕನ್ನಮ್ಮ ಕಾಳುಗಳನ್ನು ಒಳಗೆ ಹಾಕಿ, "ಈ ಮಗುವಿಗೆ ಹಸಿವು ಕಾಣದಿರಲಿ, ಚಳಿ ಕಾಣದಿರಲಿ" ಎಂದು ಹೇಳಿ ಮೂಲೆ ಮುಚ್ಚಿ ಹೊಲಿದಳು. ನೂಲನ್ನು ಹಲ್ಲಿನಿಂದ ಕಡಿದಳು.

ಆಮೇಲೆ ಹೊಳೆಯ ಕಡೆ ತಿರುಗಿ ಕೈ ಮುಗಿದಳು.

"ವಿಶಾಲಕ್ಕನಿಗೂ ಹಸಿವು ಕಾಣದಿರಲಿ, ಚಳಿ ಕಾಣದಿರಲಿ. ಹೋಗೋ ದಾರೀಲಿ ಹಿಂದೆ ತಿರುಗಿ ನೋಡೋ ಹಂಗಾಗದಿರಲಿ. ಆ ಜೀವಕ್ಕೆ ಶಾಂತಿ ಕೊಡು ತಾಯೀ."